ಮುದಿಮರದ ಊರುಗೋಲು

ಚೀನಾದ ಪುರಾತನ ವನವೊಂದರಲ್ಲಿ ವಾಲಿದ್ದ ಮುದಿ ಸೈಪ್ರೆಸ್ ಮರಕ್ಕೆ ಮಾಲಿಗಳು ಹಸಿ ವಿಲ್ಲೋ ಮರದ ಕಂಬವೊಂದನ್ನು ಊರುಗೋಲಾಗಿ ನೆಟ್ಟರು. ನೋಡಲು ಬಂದವರೆಲ್ಲ ದೀರ್ಘಾಯುಸ್ಸು ಬೇಡಿ ಮರದ ಕೊಂಬೆಗೆ ಕೆಂಪು ಪಟ್ಟಿ ಕಟ್ಟುತ್ತಿದ್ದರು.

"ಹರಕೆ ನಿನಗೆ, ಹೊರೆ ನನಗೆ. ದೊಡ್ಡ ಗಾಳಿ ಬರಲಿ, ಜಾರಿಬಿಡುತ್ತೇನೆ" ಎಂದಿತು ಕಂಬ.

"ಜಾರು, ತಡೆಯುವುದಿಲ್ಲ. ಅಲ್ಲಿಯವರೆಗೆ ನಿನ್ನ ಕಾಲು ನನ್ನ ಮಣ್ಣಿನಲ್ಲಿದೆ. ಬಾಯಾರಿದರೆ ಕುಡಿ" ಎಂದಿತು ಮರ.

ಕಂಬ ಬಿಗುಮಾನ ಬಿಟ್ಟು ಕುಡಿಯಿತು.

ಚಳಿ ಕಳೆದು ಗಾಳಿ ಬಂತು. ಜಾರಲು ಹೊರಟ ಕಂಬಕ್ಕೆ ಕಾಲು ಕೀಳಲಾಗಲಿಲ್ಲ. ಅದು ಬೇರು ಬಿಟ್ಟಿತ್ತು. ಮೊಮ್ಮಗಳ ಹೆಸರಿನಲ್ಲಿ ಪಟ್ಟಿ ತಂದಿದ್ದ ಅಜ್ಜಿಯೊಬ್ಬಳು ಕಂಬದ ತುದಿಯಲ್ಲಿ ಚಿಗುರು ಕಂಡು, ಪಟ್ಟಿಯನ್ನು ಅಲ್ಲಿಯೇ ಕಟ್ಟಿ ಹೋದಳು.

"ಈಗ ಜಾರುತ್ತೀಯಾ?" ಎಂದು ಮರ ಕೇಳಿತು.

"ಇನ್ನೂ ಸ್ವಲ್ಪ ಒರಗಿಕೋ" ಎಂದಿತು ಕಂಬ.