ಹೆಗ್ಗಣಕ್ಕೆ ತೆರಿಗೆ, ಅಳಿಲಿಗೆ ಮಾಫಿ

"ನನ್ನ ಸೀಮೆಯಲ್ಲಿ ಇರುವೆ ಹೊತ್ತೊಯ್ದ ಕಾಳಿನಲ್ಲೂ ನನಗೆ ಪಾಲುಂಟು!" ಎಂದು ಕಲ್ಲುಗುಡ್ಡದ ಪಾಳೆಯಗಾರ ಬೊಮ್ಮಣ್ಣನಾಯಕ ಮೀಸೆ ತಿರುವಿದ. ಇರುವೆ ಗೂಡು ಕೆದಕಿದರೆ ಕಚ್ಚುತ್ತವೆಂದು ಯಾರೋ ಹೇಳಿದ್ದರಿಂದ ಹೆಗ್ಗಣದ ಬಿಲದಿಂದ ಶುರುಮಾಡಿದ.

ಕೊಯ್ಲು ಮುಗಿದ ಮೇಲೆ ಬಡವರು ಗದ್ದೆಯ ಬದು ಅಗೆದು, ಹೆಗ್ಗಣ ಕೂಡಿಟ್ಟ ಭತ್ತದ ತೆನೆ ಬಾಚಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಈಗ ಅದರಲ್ಲಿ ಅರ್ಧ ಅರಮನೆಯ ಉಗ್ರಾಣಕ್ಕೆ.

ಬಿಲ ಅಗೆದು ಬದುಕುವ ಸಣ್ಣೀರಿ, ಆಸ್ಥಾನದ ವಿದೂಷಕ ಗಿಡ್ಡೋಜನ ಬಾಗಿಲಿಗೆ ಬಂದು ಕೂತಳು. "ಅಯ್ಯಾ, ನನ್ನ ಮಕ್ಕಳ ಗಂಜಿ ಅದು. ದೊರೆಗೆ ಅದರ ಮೇಲೂ ಕಣ್ಣಾ?"

ಅವಳ ಮಾತು ಸರಿಯೆಂದು ಗಿಡ್ಡೋಜನಿಗೆ ಗೊತ್ತಿತ್ತು. ಆದರೆ ನಾಯಕನಿಗೆ ಎದುರಾಡಿದವರ ಬೆನ್ನು ನೆಟ್ಟಗೆ ಉಳಿದದ್ದಿಲ್ಲ. "ಹೋಗವ್ವಾ, ನೋಡೋಣ" ಎಂದ.

ಮರುದಿನ ನಾಯಕ ಸೀಬೆತೋಟದಲ್ಲಿ ಅಡ್ಡಾಡುತ್ತಿದ್ದ. ಗಿಡ್ಡೋಜ ಹೋಗಿ ಕೈಮುಗಿದ.

"ಪ್ರಭು, ಸೀಮೆಯಲ್ಲೊಂದು ಅನ್ಯಾಯ. ಹೆಗ್ಗಣಕ್ಕೆ ತೆರಿಗೆ, ಅಳಿಲಿಗೆ ಮಾಫಿ."

"ಎರಡೂ ಒಂದೇ ಏನಯ್ಯಾ?"

"ಹಲ್ಲು ಒಂದೇ ಥರ, ಬಾಳು ಬೇರೆ. ಹೆಗ್ಗಣಕ್ಕೆ ನೆಲದೊಳಗೆ ಮನೆ. ಕತ್ತಲಲ್ಲಿ ಹೊರಟು, ತೆನೆ ಕಚ್ಚಿ ತಂದು, ನಾಳೆಗೆಂದು ಕೂಡಿಡುತ್ತದೆ. ಪಕ್ಕಾ ಸಂಸಾರಸ್ಥ. ಅಳಿಲು ಹಾಡುಹಗಲೇ ಕೊಂಬೆಯ ಮೇಲೆ ಕೂತು ಅರ್ಧ ಹಣ್ಣು ತಿಂದು ಅರ್ಧ ಬಿಸಾಡುತ್ತದೆ. ನಾಳೆಯ ಚಿಂತೆಯಿಲ್ಲ. ದೊಡ್ಡ ಮನೆತನದವರ ಹಾಗೆ."

ನಾಯಕ ಕೆಮ್ಮಿದ. "ಸರಿ, ಅಳಿಲಿಗೂ ಅರ್ಧ ತೆರಿಗೆ!"

"ಅದು ಪಾಪ, ಕಟ್ಟುತ್ತಲೇ ಇದೆ." ಗಿಡ್ಡೋಜ ಮರದಡಿ ಬಿದ್ದಿದ್ದ ಅರೆತಿಂದ ಸೀಬೆಹಣ್ಣನ್ನು ಎತ್ತಿ, ಉತ್ತರೀಯದಲ್ಲಿ ಒರೆಸಿ, ಎರಡೂ ಕೈಯಲ್ಲಿ ಒಡ್ಡಿದ. "ಇಗೋ, ಅರಮನೆಯ ಪಾಲು. ಸವಿಯಬೇಕು."

"ಥೂ! ಅಳಿಲಿನ ಎಂಜಲು ನಾನು ತಿನ್ನಲೇನೋ?"

ಗಿಡ್ಡೋಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ತಪ್ಪಾಯಿತು, ಪ್ರಭು. ಹೆಗ್ಗಣದ್ದನ್ನು ಮೊನ್ನೆಯಿಂದ ಉಣ್ಣುತ್ತಿದ್ದೀರಲ್ಲ, ಇದೂ ಸೇರೀತು ಅಂದುಕೊಂಡೆ."

ನಾಯಕನ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು. ಬೆಳಗ್ಗೆ ಉಂಡ ತುಪ್ಪದ ಅನ್ನ ನೆನಪಾಗಿರಬೇಕು. ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ಹೊಟ್ಟೆ ಹಿಡಿದುಕೊಂಡೇ ನಗತೊಡಗಿದ.

"ಬಿಲದ ತೆರಿಗೆ ಇವತ್ತಿಗೇ ರದ್ದು ಕಣೋ! ಉಗ್ರಾಣದಲ್ಲಿ ಉಳಿದದ್ದನ್ನೆಲ್ಲ ಅವರವರ ಮನೆಗೆ ಹೊರಿಸು."

"ಉಂಡು ಮುಗಿಸಿದ್ದು, ಪ್ರಭು?"

ನಾಯಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅದನ್ನು ರಾಣಿಗೆ ಹೇಳಬೇಡ."