ಉಗುಳಿದ ಅಕ್ಕಿ

ಹೊಳೆ ದಾಟಿ ಆಶ್ರಮಕ್ಕೆ ಬಂದ ಶಿಷ್ಯ ಬೊಪ್ಪನ ಎದೆ ಆವತ್ತು ಅವನಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಕೊರಳಲ್ಲಿ ಕಣಗಿಲೆ ಹೂವಿನ ಹಾರ. ಹೊಳೆಯಾಚೆ ಊರಿನವರು ಹಾಕಿ, ಹೆಗಲ ಮೇಲೆ ಹೊತ್ತು, ದಡದವರೆಗೂ ಬಿಟ್ಟು ಹೋಗಿದ್ದರು.

ಗುರು ಮರುಳಯ್ಯ ಕಟ್ಟಿಗೆ ಸೀಳುತ್ತಿದ್ದರು.

"ಗುರುಗಳೇ, ಗೆದ್ದು ಬಂದೆ!"

"ಯಾರನ್ನ?"

"ಆ ಮಾಟಗಾತಿ ಸಿರಿಯವ್ವನ್ನ. ಗೌಡರ ಹಸುಗೂಸನ್ನ ಮುಗಿಸಿದೋಳು. ಅಕ್ಕಿ ಪರೀಕ್ಷೆ ಮಾಡೋಕೆ ಯಾರನ್ನಾದ್ರೂ ಕಳಿಸಿ ಅಂತ ಗೌಡರ ಆಳು ಬಂದಿದ್ದ. ನೀವು ಧ್ಯಾನದಲ್ಲಿದ್ರಿ. ಇಷ್ಟು ಸಣ್ಣ ಕೆಲಸಕ್ಕೆ ನಿಮ್ಮನ್ನ ಎಬ್ಬಿಸೋದಾ? ನಾನೊಬ್ಬ ಸಾಕಲ್ಲ ಅಂತ ಹೋದೆ."

ಅಕ್ಕಿ ಪರೀಕ್ಷೆ ಆ ಸೀಮೆಯ ಹಳೇ ಕಟ್ಟಳೆ. ಮಂತ್ರಿಸಿದ ಹಸಿ ಅಕ್ಕಿಯನ್ನು ಆರೋಪ ಹೊತ್ತವರ ಬಾಯಿಗೆ ಹಾಕುತ್ತಾರೆ. ಅಗಿದು ಮುತ್ತುಗದ ಎಲೆಯ ಮೇಲೆ ಉಗುಳಬೇಕು. ಒದ್ದೆಯಾಗಿ ಬಂದರೆ ನಿರಪರಾಧಿ. ಒಣಗಿ ಬಂದರೆ ದೇವರೇ ಬೆರಳು ಮಾಡಿ ತೋರಿಸಿದ ಹಾಗೆ.

"ಅವಳೇ ಅಂತ ಹೆಂಗೆ ಗೊತ್ತಾಯ್ತು?"

"ಗಂಡ ಸತ್ತೋಳು, ಒಂಟಿ. ರಾಗಿ ಬೀಸೋವಾಗ ಸತ್ತ ಗಂಡನ ಜೊತೆ ಮಾತಾಡ್ತಾಳಂತೆ. ಕೂಸು ಸಾಯೋ ಹಿಂದಿನ ದಿನ ತೊಟ್ಟಿಲಿಗೆ ಬಗ್ಗಿ, 'ಎಷ್ಟು ಚೆಂದ ಐತೆ' ಅಂದಳಂತೆ. ಇನ್ನೇನು ಬೇಕು?"

"ಅಕ್ಕಿ?"

"ಒಣ ಮರಳು ಉದುರಿದ ಹಾಗೆ ಉದುರಿತು!"

"ಅವಳು ಏನೂ ಅನ್ನಲಿಲ್ಲವಾ?"

"ನೀರು ಕೇಳಿದಳು. 'ಅಪ್ಪಾ, ಬಾಯಿ ಒಣಗ್ತೈತೆ, ಒಂದು ಗುಟುಕು ನೀರು ಕೊಡಪ್ಪಾ' ಅಂತ. ನಾನು ಬಿಡ್ತೀನಾ? 'ತಪ್ಪು ಮಾಡದವರ ಬಾಯಿ ಒಣಗಲ್ಲ ಕಣವ್ವಾ' ಅಂದೆ. ಊರಿಗೆ ಊರೇ ಕೇಕೆ ಹಾಕ್ತು ಗುರುಗಳೇ!"

ಎತ್ತಿದ ಕೊಡಲಿ ಎತ್ತಿದಲ್ಲೇ ನಿಂತಿತು.

"ಶಿಕ್ಷೆ?"

"ಹೊತ್ತು ಇಳಿಯೋದ್ರೊಳಗೆ ಹಲ್ಲು ಉದುರಿಸ್ತಾರೆ. ಹಲ್ಲಿಲ್ಲದ ಬಾಯಲ್ಲಿ ಮಂತ್ರ ಹೊರಡಲ್ಲವಲ್ಲ. ಆಮೇಲೆ ತಲೆ ಬೋಳಿಸಿ ಊರಾಚೆ ಅಟ್ತಾರೆ."

ಗುರುಗಳು ಕೊಡಲಿ ಕೆಳಗಿಟ್ಟರು. ಖಾಲಿ ಚೆಂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಡಿ."

"ಊಟ?"

"ನಡಿ ಅಂದೆ."

ಊರ ಮುಂದಿನ ಅರಳಿಕಟ್ಟೆಯ ಸುತ್ತ ಜನ ಜಮಾಯಿಸಿದ್ದರು. ಸಿರಿಯವ್ವನನ್ನು ಕಂಬಕ್ಕೆ ಕಟ್ಟಿದ್ದರು. ಪಕ್ಕದಲ್ಲಿ ಕಲ್ಲುಕುಟಿಗನೊಬ್ಬ ಗುಂಡುಕಲ್ಲು ಹಿಡಿದು, ಕೈಗೆ ಒಗ್ಗುತ್ತದೋ ಇಲ್ಲವೋ ಅಂತ ತಿರುಗಿಸಿ ನೋಡುತ್ತಿದ್ದ. ಕಟ್ಟೆಯ ಮೇಲೆ ಕೇತಗೌಡ ಕೂತಿದ್ದ. ಅತ್ತು ಅತ್ತು ಕಣ್ಣು ಕೆಂಡವಾಗಿತ್ತು.

"ಗೌಡರೇ, ಮಾಟ ತಾನಾಗಿ ಬರುತ್ತಾ?" ಗುರುಗಳು ಕೇಳಿದರು.

"ಇಲ್ಲ ಬುದ್ಧಿ. ಯಾರಾದ್ರೂ ಕಲಿಸಬೇಕು."

"ಮಂತ್ರ ಬಲ್ಲವನು ಕಲಿಸಬೇಕು. ಈ ಸೀಮೆಯಲ್ಲಿ ಮಂತ್ರ ಬಲ್ಲೆ ಅಂತ ಮೆರೆಯೋನು ಇವನೊಬ್ಬನೇ. ಇವನಿಗೂ ಅಕ್ಕಿ ಕೊಡಿ."

ಬೊಪ್ಪ ಗುರುಗಳ ಮುಖ ನೋಡಿದ. ತಮಾಷೆಯ ಗೆರೆ ಒಂದೂ ಇರಲಿಲ್ಲ.

ಬೆಳಿಗ್ಗೆ ಹೆಗಲ ಮೇಲೆ ಹೊತ್ತವರಿಗೆ ಅವನ ಕುತ್ತಿಗೆಗೆ ಕೈ ಹಾಕಲು ಒಂದು ಉಸಿರೆಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಹಾರ ಹರಿಯಿತು. ಹೂವು ಕಾಲಡಿ ಸಿಕ್ಕಿತು. ಹಾಕಿದ ಕೈಗಳೇ ಹರಿದದ್ದು! ಥೂ, ಅಂಥ ಊರು ಅದು.

"ಬಿಡ್ರೋ! ನಾನೇನು ಹೆದರ್ತೀನಾ? ಹಿಡಿ ಯಾಕೆ, ಮೊರ ತುಂಬ ತನ್ನಿ, ಅಗೀತೀನಿ!" ಅಂತ ಬೊಪ್ಪ ಅಬ್ಬರಿಸಿದ.

ಅಕ್ಕಿ ಬಾಯಿಗೆ ಬಿತ್ತು. ಅಗಿಯಲು ಶುರು ಮಾಡಿದ. ಅಷ್ಟರಲ್ಲಿ ಕಲ್ಲುಕುಟಿಗ ಸಿರಿಯವ್ವನ ಪಕ್ಕದಿಂದ ಎದ್ದು ಬಂದು ಇವನ ಪಕ್ಕ ನಿಂತ. ಇವನ ಹಲ್ಲನ್ನು ನೋಡಿದ. ಆಮೇಲೆ ಕಲ್ಲನ್ನು ನೋಡಿದ.

ಬೊಪ್ಪನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅಗಿದಷ್ಟೂ ಅಕ್ಕಿ ಪುಡಿಯಾಯಿತೇ ಹೊರತು ಒದ್ದೆಯಾಗಲಿಲ್ಲ. ತಾನು ಏನೂ ಮಾಡಿಲ್ಲ ಅಂತ ಅವನಿಗೆ ಗೊತ್ತಿತ್ತು. ಅವನ ಬಾಯಿಗೆ ಗೊತ್ತಿರಲಿಲ್ಲ.

"ನೀರು..." ಅಂದ.

"ತಪ್ಪು ಮಾಡದವರ ಬಾಯಿ ಒಣಗಲ್ಲ ಕಣಣ್ಣಾ!" ಗುಂಪಿನೊಳಗಿಂದ ಯಾರೋ ಕೂಗಿದರು. ಊರಿಗೆ ಊರೇ ಕೇಕೆ ಹಾಕಿತು.

ಉಗುಳಿದ. ಮುತ್ತುಗದ ಎಲೆಯ ಮೇಲೆ ಬಿಳೀ ಪುಡಿ ಉದುರಿತು.

ಸಿರಿಯವ್ವ ಒಬ್ಬಳೇ ನಗಲಿಲ್ಲ.

"ಬೊಪ್ಪ, ನೀನು ಮಾಟಗಾರನಾ?" ಗುರುಗಳು ಕೇಳಿದರು.

"ಅಲ್ಲ ಗುರುಗಳೇ! ನಿಮ್ಮ ಪಾದದಾಣೆ ಅಲ್ಲ!"

"ಅಕ್ಕಿ ಹೌದು ಅಂತಿದೆಯಲ್ಲ."

ಕಲ್ಲು ಮೇಲೆದ್ದಿತು. ಗುರುಗಳು ಆ ಕೈಯನ್ನು ಹಾಗೇ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಅಕ್ಕಿ ಬಾಚಿ ಕೇತಗೌಡನ ಮುಂದೆ ಚಾಚಿದರು.

"ಗೌಡರೇ, ಕೂಸು ಸಾಯೋ ಮುಂಚೆ ಕೊನೆಗೆ ಅದನ್ನ ಎತ್ತಿಕೊಂಡವರು ಯಾರು?"

"ನಾನೇ ಬುದ್ಧಿ. ನನ್ನ ಎದೆ ಮೇಲೇ..." ಗೌಡ ಎದೆ ಮುಟ್ಟಿಕೊಂಡ.

"ಹಾಗಾದ್ರೆ ನೀವೂ ಅಗಿಯಿರಿ."

"ನನ್ನ ಕೂಸನ್ನ ನಾನೇ ಕೊಲ್ತೀನಾ ಸ್ವಾಮಿ?"

"ನನಗೆ ಗೊತ್ತಿಲ್ಲ. ಅಕ್ಕಿ ಹೇಳಲಿ."

ಕೇಕೆ ಅಡಗಿತು. ಕಲ್ಲುಕುಟಿಗನ ಕಣ್ಣು ತನಗೇ ಗೊತ್ತಿಲ್ಲದೆ ಗೌಡನ ಬಾಯಿಯ ಕಡೆ ಹೊರಳಿತು. ಗೌಡ ಅದನ್ನು ನೋಡಿದ. ಕೈ ಚಾಚಿದ. ಅಕ್ಕಿಯೆಲ್ಲ ಬೆರಳ ಸಂದಿಯಿಂದ ಜಾರಿ ಮಣ್ಣುಪಾಲಾಯಿತು. ಉಗುಳು ನುಂಗಲು ನೋಡಿದ, ನುಂಗಲು ಏನೂ ಇರಲಿಲ್ಲ.

"ಬಿಚ್ರೋ," ಅಂದ. ದನಿ ಹೊರಡಲಿಲ್ಲ. ಮತ್ತೆ ಅಂದ. "ಬಿಚ್ರೋ, ಅವಳನ್ನ."

ಹಗ್ಗ ಬಿಚ್ಚಿದರು. ಸಿರಿಯವ್ವ ಕಂಬಕ್ಕೆ ಒರಗಿದಂತೆಯೇ ಕೆಳಕ್ಕೆ ಜಾರಿ ಕೂತಳು.

"ಚೆಂದ ಇತ್ತು ಗೌಡ, ಅದಕ್ಕೇ ಅಂದೆ," ಅಂದಳು. ಆ ಒಣಗಿದ ಬಾಯಿಂದ ಬಂದದ್ದು ಅಷ್ಟೇ.

ಜನ ಒಬ್ಬರ ಹಿಂದೊಬ್ಬರು ಸರಿದರು. ಹಲ್ಲು ಉದುರೋದು ನೋಡಲು ಹೊಲದ ಕೆಲಸ ಬಿಟ್ಟು ಬಂದವರಿಗೆ ಈಗ ದಿಢೀರನೆ ಕೆಲಸ ನೆನಪಾಗಿತ್ತು. ಒಬ್ಬರೂ ಅವಳ ಹತ್ತಿರ ಹೋಗಲಿಲ್ಲ.

ಬೊಪ್ಪ ಓಡಿದ. ನೇರ ಹೊಳೆಗೆ ಇಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ಬೊಗಸೆ ತುಂಬಿ ಬಾಯಿಗೆ ಎತ್ತಿದ.

ಹಿಂದೆಯೇ ಬಂದ ಗುರುಗಳು ಅವನ ಮಣಿಕಟ್ಟು ಹಿಡಿದರು. ಬೊಗಸೆಯ ನೀರೆಲ್ಲ ಸೋರಿಹೋಯಿತು.

"ಗುರುಗಳೇ, ನಾನು ಏನೂ ಮಾಡಿರಲಿಲ್ಲ," ಬೊಪ್ಪ ಬಿಕ್ಕಿದ. "ಆದರೂ ನನ್ನ ಬಾಯಿ ಯಾಕೆ ಒಣಗಿತು?"

ಗುರುಗಳು ಚೆಂಬನ್ನು ಹೊಳೆಯಲ್ಲಿ ಮುಳುಗಿಸಿ, ತುಂಬಿಸಿ, ಅವನ ಕೈಗಿಟ್ಟರು.

"ಬೆಳಿಗ್ಗೆ ಅವಳು ಕೇಳಿದ ನೀರು ಇನ್ನೂ ಅವಳಿಗೆ ಮುಟ್ಟಿಲ್ಲ."