ಮಾದೇಶನ ಎರಡು ಲೆನ್ಸು

ಹೊಳೆದಂಡೆಯಲ್ಲಿ ಪುಟ್ಟಮಲ್ಲಯ್ಯ ಮೇಷ್ಟ್ರು ಅಂತ ಒಬ್ಬರಿದ್ದರು. ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಮಾತು ಕಮ್ಮಿ, ಕಾಫಿ ಜಾಸ್ತಿ.

ಅವರ ಶಿಷ್ಯ ಮಾದೇಶ ಒಳ್ಳೆಯವನೇ. ಆದರೆ ಒಂದು ವಾರದಿಂದ ಅವನ ತಲೆ ಅವನ ಹತ್ತಿರ ಇರಲಿಲ್ಲ.

ಪರಿಚಯದ ಅಂಗಡಿಯಿಂದ ಎರಡು ಲೆನ್ಸು ತಂದಿದ್ದ. ಒಂದು ಕ್ಯಾಮೆರಾ ಮಾಡಿದ ಕಂಪನಿಯದೇ, ದೊಡ್ಡ ಹೆಸರಿನದು. ಇನ್ನೊಂದು ಬೇರೆ ಕಂಪನಿಯದು. ಬೆಲೆ ಅರ್ಧಕ್ಕಿಂತ ಕಮ್ಮಿ, ಆದರೂ ಅದೇ ಕ್ಯಾಮೆರಾಕ್ಕೆ ಕೂರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಬೇಕು.

ಯಾವುದನ್ನು?

ಗೋಡೆಗೆ ಹಳೇ ಪೇಪರು ಅಂಟಿಸಿದ. ಒಂದು ಲೆನ್ಸಿನಲ್ಲಿ ಅದರ ಫೋಟೋ ತೆಗೆದ, ಇನ್ನೊಂದರಲ್ಲೂ ತೆಗೆದ. ದೊಡ್ಡದು ಮಾಡಿ, ಯಾವುದು ಚೊಕ್ಕ ಅಂತ ಮೂಲೆಯ ಅಕ್ಷರ ಓದಿದ. ಮತ್ತೆ ತೆಗೆದ, ಮತ್ತೆ ಓದಿದ. ಪಾಪ, ಈ ಕಸುಬಿನವರಿಗೆ ಮಾತ್ರ ಬರುವ ಜ್ವರ ಇದು.

ಏಳನೇ ದಿನ ಗುರುಗಳ ಮುಂದೆ ಬಂದು ಕೂತ.

"ಮೇಷ್ಟ್ರೇ, ಅಡಕತ್ತರಿಯಲ್ಲಿ ಸಿಕ್ಕಂಗಾಗಿದೆ. ನೀವೇ ಹೇಳಿ, ಯಾವುದು ಇಟ್ಕೊಳ್ಳಲಿ?"

"ಏನು ತೆಗೆಯೋಕೆ?"

"ಮೊದಲು ನನ್ನದೇ ಒಂದು ಫೋಟೋ. ಅಜ್ಜಿ ಕೇಳಿದಾರೆ."

ಅಪ್ಪ ಅಮ್ಮ ಇಲ್ಲದ ಮಾದೇಶನನ್ನು ಸಾಕಿದ್ದು ಊರಿನಲ್ಲಿರುವ ಅಜ್ಜಿ ಮಂಚಮ್ಮ. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. "ಪೂರ್ತಿ ಹೋಗೋದ್ರೊಳಗೆ ನಿನ್ನದೊಂದು ದೊಡ್ಡ ಫೋಟೋ ತಂದ್ಕೊಡು ಮಗ, ಹತ್ರ ಹಿಡ್ಕೊಂಡು ನೋಡ್ತೀನಿ" ಅಂದಿದ್ದರು.

"ಯಾವಾಗ ಕೇಳಿದ್ರು?"

"ಎರಡು ತಿಂಗಳಾಯ್ತು."

"ಇನ್ನೂ ಯಾಕೆ ಕೊಟ್ಟಿಲ್ಲ?"

"ಒಳ್ಳೆ ಲೆನ್ಸು ಬರಲಿ ಅಂತ. ಸಾಕಿದ ಅಜ್ಜಿಗೆ ಎಂಥದೋ ಒಂದು ಕೊಡೋಕಾಗುತ್ತಾ?"

ಮೇಷ್ಟ್ರು ಬೈಯಲಿಲ್ಲ. ಅವನ ಪ್ರೀತಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅವರಿಗೆ ಕಾಣುತ್ತಿತ್ತು.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಹಂಗಾಯ್ತಲ್ಲಯ್ಯ ನಿನ್ನ ಕಥೆ" ಅಂದು ಕಾಫಿ ಲೋಟ ಕೆಳಗಿಟ್ಟರು.

"ಹಾಗಾದ್ರೆ ಎರಡಕ್ಕೂ ವ್ಯತ್ಯಾಸ ಇಲ್ವಾ?"

"ಯಾಕಿಲ್ಲ? ಕ್ಯಾಮೆರಾ ಕಂಪನಿದು ಫೋಟೋದ ಮೂಲೆಯಲ್ಲೂ ಚೊಕ್ಕವಾಗಿ ಬರುತ್ತೆ. ನೀನು ನೋಡಿದ್ದು ಸುಳ್ಳಲ್ಲ."

"ಬೇರೆ ಕಂಪನಿದು ಹಾಕ್ಕೊಂಡು ಹೋದ್ರೆ ಕಸುಬಿನವರು ನಗ್ತಾರೆ ಮೇಷ್ಟ್ರೇ."

"ನಗಲಿ ಬಿಡು. ನಗೋ ಮುಖ ಫೋಟೋದಲ್ಲಿ ಚೆನ್ನಾಗಿ ಬರುತ್ತೆ."

"ಮತ್ತೆ ಆ ಮೂಲೆ?"

"ಮುಖಾನ ಮೂಲೆಯಲ್ಲಿ ಕೂರಿಸ್ತೀಯಾ?"



ಮೇಷ್ಟ್ರು ಅವನ ಚೀಲ ಎಳೆದುಕೊಂಡರು. ಆ ಕಡೆ ತಿರುಗಿ ನಿಂತು ಕ್ಯಾಮೆರಾಕ್ಕೆ ಒಂದು ಲೆನ್ಸು ಹಾಕಿದರು. ಈ ಕಡೆ ತಿರುಗಿದಾಗ ಲೆನ್ಸಿನ ಹೆಸರಿನ ಮೇಲೆ ಅವರ ಅಂಗೈ ಇತ್ತು.

"ಆ ಕಲ್ಲಿನ ಮೇಲೆ ಕೂತ್ಕೋ."

ಮಾದೇಶ ಕೂತ. ಕತ್ತು ಮಾತ್ರ ಲೆನ್ಸಿನ ಕಡೆಗೇ ಉದ್ದ ಆಗುತ್ತಿತ್ತು.

"ಅದನ್ನ ನೋಡಬೇಡ, ನನ್ನ ನೋಡು. ಅಜ್ಜಿ ನಿನ್ನ ಏನಂತ ಕರೀತಾರೆ?"

"ಗುಂಡ ಅಂತ."

ಹೇಳಿದವನಿಗೇ ನಗು ಬಂತು. ಇಪ್ಪತ್ತಾರು ವರ್ಷದ ಗಡ್ಡದ ಗಂಡಸು ಕಿವಿಯವರೆಗೂ ನಾಚಿಕೊಂಡ.

ಮೇಷ್ಟ್ರು ಒಂದೇ ಒಂದು ಫೋಟೋ ತೆಗೆದರು. ಒಳಗೆ ಹೋಗಿ ದೊಡ್ಡದಾಗಿ ಪ್ರಿಂಟು ಮಾಡಿ ತಂದು ಅವನ ಕೈಗಿಟ್ಟರು.

"ಮೂರೂವರೆ ಬಸ್ಸಿಗೆ ಊರಿಗೆ ಹೊರಡು. ಅಂಗಡಿ ಎಲ್ಲೂ ಓಡಿಹೋಗಲ್ಲ."

ಮಾದೇಶ ಫೋಟೋ ನೋಡಿದ. ಅಜ್ಜಿ ನೋಡಬೇಕು ಅಂದ ಮುಖ ಅದೇ. ಅಜ್ಜಿಯ ಕಣ್ಣಲ್ಲಿ ಉಳಿದಿದ್ದ ಎರಡು ತಿಂಗಳ ಬೆಳಕನ್ನು ಹಳೇ ಪೇಪರು, ಲೆನ್ಸು ಅಂತ ಹಾಳು ಮಾಡಿದೆನಲ್ಲ ಅಂತ ಅವನಿಗೆ ಅಳು ಬಂತು. ಗುರುಗಳ ಕಾಲು ಮುಟ್ಟಿ, ಫೋಟೋವನ್ನು ಎದೆಗೆ ಒತ್ತಿಕೊಂಡು ಹೊರಟ.

ರಸ್ತೆ ತನಕ ಹೋದವನು ನಿಂತ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ.

"ಮೇಷ್ಟ್ರೇ, ಇದು ಯಾವ ಲೆನ್ಸಿನಲ್ಲಿ ತೆಗೆದದ್ದು?"

"ಅಜ್ಜಿ ಕೇಳಿದ್ರೆ ಬಾ, ಹೇಳ್ತೀನಿ."